ಊರ ಚರಂಡಿಗೆ ಒಂದು ಜೊಂಡಿನ ಮಡಿ

(ಗ್ರಾಮಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಈ ದಿನ ಸಭೆಯ ಮುಂದಿರುವ ವಿಷಯ ನೋಡಲು ಚಿಕ್ಕದು. ಊರ ಕೆಳಗಡೆ ಚರಂಡಿಯು ಕೆರೆಯನ್ನು ಸೇರುವ ಸ್ಥಳದಲ್ಲಿ ಪಂಚಾಯಿತಿಗೆ ಸೇರಿದ ಐದು ಗುಂಟೆ ಜಾಗವಿದೆ. ಅದನ್ನು ಏನು ಮಾಡಬೇಕು ಎಂಬುದೇ ಪ್ರಶ್ನೆ. ಅಲ್ಲಿ ಮಳಿಗೆಗಳನ್ನು ಕಟ್ಟಿ ಬಾಡಿಗೆಗೆ ಕೊಡೋಣವೆಂದು ಕೆಲವರ ಅಭಿಪ್ರಾಯ. ಜೊಂಡು ನೆಡೋಣವೆಂದು ನನ್ನ ಸೂಚನೆ. ಈ ಮಾತು ಕೇಳಿ ಅನೇಕರು ನಕ್ಕರು. ಕೆರೆಯಲ್ಲಿ ತಾನಾಗಿ ಬೆಳೆದ ಜೊಂಡನ್ನು ಕೀಳಿಸಲು ಕೂಲಿ ಕೊಡುವ ನಾವು, ಕೂಲಿ ಕೊಟ್ಟು ಜೊಂಡು ನೆಡಿಸುವುದೇ ಎಂದು ಕೇಳಿದರು. ನಗುವಂಥ ಮಾತೇ ಸರಿ. ಆದರೆ ನಕ್ಕ ಮೇಲೆ ಅರ್ಧ ಗಂಟೆ ಕೇಳಿ, ಆನಂತರ ತೀರ್ಮಾನಿಸಿರಿ ಎಂದು ಬೇಡಿಕೊಳ್ಳುತ್ತೇನೆ.

ಕಾಣದ ದೋಷ

ನೀರು ಕೆಟ್ಟಿದೆಯೇ ಇಲ್ಲವೇ ಎಂಬುದನ್ನು ನಾವು ಬಣ್ಣ, ವಾಸನೆ, ರುಚಿಗಳಿಂದ ತಿಳಿಯುತ್ತೇವೆ. ಈ ಮೂರಕ್ಕೂ ಸಿಕ್ಕದ ಒಂದು ದೋಷವುಂಟು. ಅದರ ಹೆಸರು ನೈಟ್ರೇಟ್. ನೈಟ್ರೇಟ್ ಇರುವ ನೀರು ತಿಳಿಯಾಗಿಯೇ ಇರುತ್ತದೆ, ಬೇಳೆಯೂ ಬೇಯುತ್ತದೆ. ಪರೀಕ್ಷೆ ಮಾಡಿದ ಹೊರತು ಅದು ಇರುವುದು ಗೊತ್ತಾಗುವುದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಮನ್ನು ಮೀರಕೂಡದು. ಬೇರೆ ನೀರಿಲ್ಲದಿದ್ದರೆ ಸ್ವಲ್ಪ ಹೆಚ್ಚಿದ್ದರೂ ಆದೀತು ಎಂಬ ಸಡಿಲಿಕೆ ಕೆಲವು ಪದಾರ್ಥಗಳಿಗೆ ಉಂಟು. ನೈಟ್ರೇಟಿಗೆ ಆ ಸಡಿಲಿಕೆಯೂ ಇಲ್ಲ. ಏಕೆಂದರೆ ಇದರ ಕೇಡು ಮೊದಲು ತಟ್ಟುವುದು ಎಳೆಯ ಕೂಸುಗಳಿಗೆ. ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ ಎಂಬುವರು 1945ರಲ್ಲಿ ಈ ವಿಷಯವನ್ನು ಮೊದಲು ಬರೆದು ತಿಳಿಸಿದರು. ಹೊಲಮನೆಗಳ ಬಾವಿಯ ನೀರಿನಲ್ಲಿ ಕಲಸಿದ ಹಾಲಿನ ಪುಡಿಯನ್ನು ಕುಡಿದ ಹಸುಗೂಸುಗಳ ಮೈ ನೀಲಿಗಟ್ಟುತ್ತಿತ್ತು. ನೈಟ್ರೇಟು ಕೂಸಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗಿ, ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತದೆ. ದೊಡ್ಡವರ ದೇಹ ಇದನ್ನು ಸರಿಪಡಿಸಿಕೊಳ್ಳುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಆ ಬಲ ಇನ್ನೂ ಬಂದಿರುವುದಿಲ್ಲ.

ಇದನ್ನು ಒಂದು ಮನೆಯಲ್ಲಿ ಹೇಳುತ್ತಿದ್ದಾಗ ಅಜ್ಜಿಯೊಬ್ಬರು, “ಅಷ್ಟೇ ತಾನೇ ಕಣಪ್ಪಾ, ಚೆನ್ನಾಗಿ ಕುದಿಸಿ ಕೊಟ್ಟರೆ ಆಯಿತಲ್ಲ?” ಎಂದರು. “ಇಲ್ಲ ಅಜ್ಜಿ, ಕುದಿಸಿದರೆ ರೋಗದ ಕ್ರಿಮಿ ಸಾಯುತ್ತದೆ, ನೈಟ್ರೇಟು ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚುತ್ತದೆ. ಸಾರಿಗೆ ಉಪ್ಪು ಹೆಚ್ಚಾದಾಗ ಇನ್ನಷ್ಟು ಕುದಿಸಿದರೆ ಏನಾಗುತ್ತದೆಯೋ ಅದೇ ಆಗುತ್ತದೆ” ಎಂದೆ. ಅಜ್ಜಿಗೆ ತಕ್ಷಣ ತಿಳಿಯಿತು. ಎಲ್ಲ ತಾಯಂದಿರೂ ಈ ಒಂದು ಮಾತನ್ನು ನೆನಪಿಡಬೇಕು. ಮೊದಲ ಆರು ತಿಂಗಳು ಕೂಸಿಗೆ ಎದೆಹಾಲೊಂದೇ ಸಾಕು. ಪುಡಿಹಾಲು ಅನಿವಾರ್ಯವಾದರೆ, ಪರೀಕ್ಷೆಯಾಗಿ ಒಳ್ಳೆಯದೆಂದು ತಿಳಿದ ನೀರಿನಲ್ಲೇ ಕಲಸತಕ್ಕದ್ದು.

ಇದು ಎಲ್ಲೋ ದೂರದ ಮಾತಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ನೆಯ ವರ್ಷದ ವರದಿಯಲ್ಲಿ, ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ನೈಟ್ರೇಟು ಮಿತಿಯನ್ನು ಮೀರಿತ್ತು. ರಾಜಸ್ಥಾನದ ಜೊತೆಗೆ ನಮ್ಮ ರಾಜ್ಯವೂ ಈ ಪಟ್ಟಿಯ ಮೇಲ್ಭಾಗದಲ್ಲಿದೆ.

ಎಲ್ಲಿಂದ ಬರುತ್ತದೆ?

ಬೆಳೆಗೆ ನಾವು ಹಾಕುವ ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿರುತ್ತದೆ. ದನದ ಗಂಜಲ, ಸಗಣಿ, ಮನುಷ್ಯರ ಮಲಮೂತ್ರ, ಮುಸುರೆ ಇವೆಲ್ಲದರಲ್ಲಿಯೂ ಸಾರಜನಕವುಂಟು. ಮನೆಗಳಿಂದ ಹೊರಬೀಳುವ ಸಾರಜನಕದಲ್ಲಿ ಬಹುಪಾಲು ಮೂತ್ರದ್ದೇ. ಇದು ಮೊದಲು ಅಮೋನಿಯಾ ಆಗುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಅಡರುವ ಘಾಟು ಅದರದೇ. ಗಾಳಿ ಆಡುವ ಮಣ್ಣಿನಲ್ಲಿ ಸೂಕ್ಷ್ಮಾಣುಜೀವಿಗಳು ಅದನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ.

ಅಮೋನಿಯಾ ರೂಪದ ಸಾರಜನಕವನ್ನು ಮಣ್ಣಿನ ಕಣ ಹಿಡಿದಿಟ್ಟುಕೊಳ್ಳುತ್ತದೆ, ನೈಟ್ರೇಟನ್ನು ಹಿಡಿಯುವುದಿಲ್ಲ. ಹಿಡಿತವಿಲ್ಲದ ನೈಟ್ರೇಟು ನೀರು ಹೋದ ಕಡೆಗೆ ಹೋಗುತ್ತದೆ. ಮಳೆ ಬಿದ್ದರೆ ಕೆಳಕ್ಕೆ ಇಳಿಯುತ್ತದೆ, ಚರಂಡಿ ಹರಿದರೆ ಕೆರೆಗೆ ಸೇರುತ್ತದೆ. ಕೆರೆಯಲ್ಲಿ ಅದು ಪಾಚಿಗೂ ಜಲಕಳೆಗೂ ಗೊಬ್ಬರವಾಗುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತದೆ. ಕೆರೆಯ ಕೆಳಗಿನ ಬಾವಿ, ಕೊಳವೆಬಾವಿಗಳಿಗೂ ಅದೇ ನೀರು ಇಂಗಿ ಹೋಗುತ್ತದೆ.

2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯು ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರನ್ನು ಮನೆಯ ನಲ್ಲಿಗೆ ತಲಪಿಸುವ ಗುರಿಯನ್ನಿಟ್ಟುಕೊಂಡಿತು. ತಲೆಯ ಮೇಲೆ ಕೊಡ ಹೊರುತ್ತಿದ್ದ ಹೆಣ್ಣುಮಕ್ಕಳಿಗೆ ಇದರಿಂದಾದ ಉಪಕಾರ ಅಷ್ಟಿಷ್ಟಲ್ಲ. ಆದರೆ ನಲ್ಲಿಯಿಂದ ಬಂದ ನೀರು ಬಚ್ಚಲಿನಿಂದ ಹೊರಗೆ ಹೋಗಲೇಬೇಕಲ್ಲ! ಹಿಂದೆ ಬೇಸಗೆಯಲ್ಲಿ ಒಣಗಿರುತ್ತಿದ್ದ ಚರಂಡಿ ಈಗ ವರ್ಷವಿಡೀ ಹರಿಯುತ್ತದೆ.

ಇನ್ನೊಂದು ವಿಷಯವನ್ನು ಗಮನಿಸಿರಿ. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನಿಗೆ ನೀರು ಹಿಡಿಯುತ್ತೇವೆ. ಆ ಯಂತ್ರವು ನೈಟ್ರೇಟನ್ನು ಬೇರ್ಪಡಿಸುವುದು ನಿಜ. ಆದರೆ ಬೇರ್ಪಟ್ಟದ್ದು ನಾಶವಾಗುವುದಿಲ್ಲ. ಹಿಂಬದಿಯ ಕೊಳವೆಯಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗಿ ಸೇರಿಕೊಂಡು ಚರಂಡಿಗೆ ಇಳಿಯುತ್ತದೆ. ಚರಂಡಿ ಕೆರೆಗೆ, ಕೆರೆ ಕೊಳವೆಬಾವಿಗೆ, ಕೊಳವೆಬಾವಿ ಮತ್ತೆ ಘಟಕಕ್ಕೆ! ನಾವು ದುಡ್ಡು ಕೊಟ್ಟು ಒಂದೇ ನೈಟ್ರೇಟನ್ನು ಸುತ್ತು ಹಾಕಿಸುತ್ತಿದ್ದೇವೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕಾದರೆ, ಅದಕ್ಕೆ ತಕ್ಕ ಸ್ಥಳ ಚರಂಡಿಯ ಕೊನೆ.

ಗದ್ದೆಯು ಕಲಿಸುವ ಪಾಠ

ನೈಟ್ರೇಟನ್ನು ನಾಶಮಾಡುವ ಉಪಾಯ ಭತ್ತದ ಗದ್ದೆಯಲ್ಲೇ ಇದೆ. ಕೃಷಿ ಡಿಪ್ಲೊಮಾ ತರಗತಿಯಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠಗಳಲ್ಲಿ ಒಂದು ಇದು: ನೀರು ನಿಂತ ಗದ್ದೆಗೆ ನೈಟ್ರೇಟ್ ರೂಪದ ಗೊಬ್ಬರವನ್ನು ಹಾಕಬಾರದು. ಏಕೆ? ನೀರು ನಿಂತ ಗದ್ದೆಯ ಕೆಸರಿನಲ್ಲಿ, ಮೇಲಿನ ತೆಳುಪದರ ಬಿಟ್ಟರೆ, ಗಾಳಿಯಿರುವುದಿಲ್ಲ. ಅಲ್ಲಿರುವ ಕೆಲವು ಸೂಕ್ಷ್ಮಾಣುಗಳಿಗೂ ಉಸಿರಾಡಲು ಆಮ್ಲಜನಕ ಬೇಕು. ಗಾಳಿಯಲ್ಲಿ ಸಿಗದಿದ್ದಾಗ ಅವು ನೈಟ್ರೇಟಿನೊಳಗಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ಆಗ ಉಳಿದ ಸಾರಜನಕವು ಅನಿಲವಾಗಿ ಗುಳ್ಳೆಗಟ್ಟಿ ಆಕಾಶಕ್ಕೆ ಹೋಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇರುವುದರಿಂದ ಅದರಿಂದ ಯಾರಿಗೂ ಹಾನಿಯಿಲ್ಲ.

ರೈತನಿಗೆ ಇದು ನಷ್ಟ, ಕೊಂಡು ತಂದ ಗೊಬ್ಬರ ಗಾಳಿಪಾಲು. ಆದರೆ ಚರಂಡಿಯ ನೀರಿಗೆ ಇದೇ ಲಾಭ. ಗದ್ದೆಯಲ್ಲಿ ಆಗಬಾರದೆಂದು ನಾವು ಎಚ್ಚರವಹಿಸುವ ಕೆಲಸವನ್ನು, ಚರಂಡಿಯ ಕೊನೆಯಲ್ಲಿ ಬೇಕೆಂದೇ ಮಾಡಿಸುವುದು. ಜೊಂಡಿನ ಮಡಿ ಎಂದರೆ ಇಷ್ಟೇ.

ಇದಕ್ಕೆ ಎರಡು ಹಂತಗಳು ಬೇಕು. ಚರಂಡಿಯ ನೀರಿನಲ್ಲಿ ಸಾರಜನಕವು ಹೆಚ್ಚಾಗಿ ಅಮೋನಿಯಾ ರೂಪದಲ್ಲಿರುತ್ತದೆ. ಅದು ಮೊದಲು ಗಾಳಿಯಿರುವ ಕಡೆ ನೈಟ್ರೇಟ್ ಆಗಬೇಕು, ಆಮೇಲೆ ಗಾಳಿಯಿಲ್ಲದ ಕಡೆ ಅನಿಲವಾಗಬೇಕು. ಬರೀ ಜೌಗು ಮಡಿಯೊಂದನ್ನೇ ಕಟ್ಟಿದರೆ ಅಮೋನಿಯಾದ ಬಹುಭಾಗ ಹಾಗೆಯೇ ಹೊರಬರುತ್ತದೆ. ಬರೀ ಗಾಳಿಯಾಡುವ ಮಡಿಯನ್ನು ಕಟ್ಟಿದರೆ ಅಮೋನಿಯಾ ಹೋಗಿ ನೈಟ್ರೇಟು ಬರುತ್ತದೆ. ಎರಡನ್ನೂ ಒಂದರ ಹಿಂದೊಂದು ಕಟ್ಟಿದಾಗಲೇ ಫಲ.

ಇನ್ನೊಂದು ಷರತ್ತೂ ಉಂಟು. ಎರಡನೆಯ ಹಂತದ ಸೂಕ್ಷ್ಮಾಣುಗಳಿಗೆ ಊಟ ಬೇಕು. ಅವುಗಳ ಊಟವೆಂದರೆ ಇಂಗಾಲ, ಅಂದರೆ ಕೊಳೆಯುವ ಸೊಪ್ಪುಸದೆ. ಮೊದಲ ಮಡಿಯಲ್ಲಿ ನೀರಿನ ಕೊಳೆಯೆಲ್ಲಾ ತಿಂದುಹೋಗಿರುವುದರಿಂದ ಎರಡನೆಯದರಲ್ಲಿ ಊಟಕ್ಕೆ ಕೊರತೆ ಬೀಳುತ್ತದೆ. ಆದಕಾರಣ ಅಲ್ಲಿ ಗಿಡಗಳು ಒತ್ತಾಗಿ ಬೆಳೆದಿರಬೇಕು. ಸಾಲದಿದ್ದರೆ ಮೆಕ್ಕೆಜೋಳದ ದಿಂಡು, ಮರದ ಚಕ್ಕೆ ಮುಂತಾದವನ್ನು ಸೇರಿಸಬಹುದು, ಅಥವಾ ತಿಳಿಗೊಳಿಸಿದ ಚರಂಡಿ ನೀರಿನ ಒಂದು ಸಣ್ಣ ಪಾಲನ್ನು ನೇರವಾಗಿ ಎರಡನೆಯ ಮಡಿಗೆ ಬಿಡಬಹುದು. ಕುಡಿಯುವ ನೀರಿನ ಘಟಕದ ತ್ಯಾಜ್ಯದಲ್ಲಿ ಸಾರಜನಕ ಆಗಲೇ ನೈಟ್ರೇಟಾಗಿರುವುದರಿಂದ ಅದಕ್ಕೆ ಮೊದಲ ಮಡಿ ಬೇಕಿಲ್ಲ. ಅದನ್ನು ಎರಡನೆಯ ಮಡಿಗೇ ತಿರುಗಿಸುವುದು. ಅದರಲ್ಲಿರುವ ಉಪ್ಪು ಮಾತ್ರ ಇಲ್ಲಿ ಹೋಗದು, ಇದು ತಿಳಿದಿರಲಿ.

ಹಾಗಾದರೆ ಗಿಡದ ಕೆಲಸವೇನು?

ಗಿಡವೇ ನೈಟ್ರೇಟನ್ನು ಹೀರಿಬಿಡುತ್ತದೆ ಎಂದು ಬಹುಜನ ತಿಳಿದಿದ್ದಾರೆ. ಗಿಡ ಹೀರುವುದು ಸುಳ್ಳಲ್ಲ. ಆದರೆ ಊರ ಕೊಳಚೆ ಹರಿಯುವ ಮಡಿಯಲ್ಲಿ ಗಿಡ ಕೊಯ್ದು ತೆಗೆಯಬಹುದಾದ ಸಾರಜನಕ, ಬರುವ ಒಟ್ಟು ಸಾರಜನಕದ ಒಂದು ಸಣ್ಣ ಪಾಲು ಮಾತ್ರ. ಅನೇಕ ಕಡೆ ಅದು ನೂರಕ್ಕೆ ಹತ್ತನ್ನೂ ಮುಟ್ಟುವುದಿಲ್ಲ. ನಿಜವಾದ ಕೂಲಿಯಾಳುಗಳು ಸೂಕ್ಷ್ಮಾಣುಗಳು. ಗಿಡ ಅವುಗಳಿಗೆ ಮನೆ ಕೊಡುವ ಯಜಮಾನ. ಬೇರುಗಳ ಮೈಯೆಲ್ಲಾ ಅವು ವಾಸಿಸುವ ಸ್ಥಳ. ಬೇರಿನಿಂದ ಒಸರುವ ರಸವೂ ಉದುರಿದ ಎಲೆಯೂ ಅವುಗಳಿಗೆ ಆಹಾರ. ಜೊಂಡಿನಂಥ ನೀರುಗಿಡಗಳ ಕಾಂಡವು ಒಳಗೆ ಪೊಳ್ಳಾಗಿದ್ದು, ಎಲೆಯಿಂದ ಬೇರಿಗೆ ಗಾಳಿಯನ್ನು ಇಳಿಸುತ್ತದೆ. ಆದುದರಿಂದಲೇ ಅವು ಕೆಸರಿನಲ್ಲಿ ಕೊಳೆಯದೆ ಬದುಕುವುದು.

ಇದರಿಂದ ಒಂದು ಬುದ್ಧಿ ಕಲಿಯಬೇಕು. ಚರಂಡಿಯಲ್ಲಿ ನಾಲ್ಕು ಕಾಬಾಳೆ ಗಿಡ ನೆಟ್ಟ ಮಾತ್ರಕ್ಕೆ ನೀರು ಶುದ್ಧವಾಗದು. ಜಲ್ಲಿ, ಬೇರು, ಸೂಕ್ಷ್ಮಾಣು ಮತ್ತು ನೀರು ನಿಲ್ಲುವ ಕಾಲ, ಈ ನಾಲ್ಕೂ ಕೂಡಿದರೆ ಮಾತ್ರ ಕೆಲಸವಾಗುತ್ತದೆ.

ಬೇರೆಡೆ ಕಂಡುಕೊಂಡದ್ದು

ಇದು ಹೊಸ ಪ್ರಯೋಗವೇನೂ ಅಲ್ಲ. ಜರ್ಮನಿಯ ಪ್ಲೋನ್ ಎಂಬ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕೇಟೆ ಸೈಡೆಲ್ ಎಂಬ ಮಹಿಳೆ 1950ರ ದಶಕದ ಆರಂಭದಲ್ಲಿಯೇ ಜೊಂಡುಗಳಿಂದ ಕೊಳಚೆ ನೀರನ್ನು ತಿಳಿಗೊಳಿಸುವ ಪರೀಕ್ಷೆಗಳನ್ನು ಮಾಡಿದರು. ಕೊಳಚೆಯಲ್ಲಿ ಗಿಡ ಬದುಕೀತೇ ಎಂದು ಆ ಕಾಲದ ಇಂಜಿನಿಯರುಗಳು ಸಂದೇಹಪಟ್ಟರು. ಅದೇ ದೇಶದ ಓಟ್‌ಫ್ರೇಸನ್ ಎಂಬಲ್ಲಿ 1974ರಲ್ಲಿ ಪೂರ್ಣಪ್ರಮಾಣದ ಮಡಿ ಕೆಲಸ ಮಾಡತೊಡಗಿತು. 1980ರ ದಶಕದಲ್ಲಿ ಡೆನ್ಮಾರ್ಕಿನವರು ಮಣ್ಣು ತುಂಬಿದ ಮಡಿಗಳನ್ನು ಕಟ್ಟಿದರು. ನೀರು ಮಣ್ಣಿನೊಳಗೆ ಇಳಿಯದೆ ಮೇಲೆಯೇ ಹರಿದುಹೋಯಿತು. ಇಂಗ್ಲೆಂಡಿನವರು ಅದನ್ನು ನೋಡಿ ಮಣ್ಣಿನ ಬದಲು ಜಲ್ಲಿಯನ್ನು ತುಂಬಿದರು. ನಾವು ಮಣ್ಣು ತುಂಬಬಾರದೆಂಬುದು ಅವರು ಹಣ ತೆತ್ತು ಕಲಿತ ಪಾಠ, ನಮಗೆ ಬಿಟ್ಟಿಯಾಗಿ ದೊರೆತಿದೆ.

ನಮ್ಮ ದೇಶದಲ್ಲಿ ದೆಹಲಿಯ ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು 2012ರಲ್ಲಿ ದಿನಕ್ಕೆ 22 ಲಕ್ಷ ಲೀಟರ್ ಕೊಳಚೆಯನ್ನು ಜೊಂಡಿನ ಮೂಲಕ ಹಾಯಿಸಿ ಬೇಸಾಯಕ್ಕೆ ಬಳಸುವ ಏರ್ಪಾಡನ್ನು ಮಾಡಿತು. ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು ಹಳ್ಳಿಗಳ ಬೂದುನೀರಿಗಾಗಿಯೇ ಇಂಥ ಮಡಿಗಳನ್ನು ಮಾಡಿ ನೋಡಿದ್ದಾರೆ. ಚಳಿ ದೇಶಗಳಲ್ಲಿ ಮಾಗಿಯಲ್ಲಿ ಸೂಕ್ಷ್ಮಾಣುಗಳ ಕೆಲಸ ಮಂದವಾಗುತ್ತದೆ. ನಮ್ಮ ಬಿಸಿಲು ನಮಗೆ ಈ ವಿಷಯದಲ್ಲಿ ನೆರವಾಗಿದೆ.

ಎಷ್ಟು ಜಾಗ ಬೇಕು?

ಲೆಕ್ಕವನ್ನು ನೀವೇ ಹಾಕಿ ನೋಡಿರಿ. ನೂರು ಮನೆ, ಮನೆಗೆ ಐದು ಜನ, ತಲಾ 55 ಲೀಟರ್ ಎಂದಿಟ್ಟುಕೊಂಡರೆ ದಿನಕ್ಕೆ 27,500 ಲೀಟರ್ ನೀರು ಊರಿಗೆ ಬರುತ್ತದೆ. ಅದರಲ್ಲಿ ನೂರಕ್ಕೆ 70 ಭಾಗ ಚರಂಡಿ ಸೇರಿದರೆ ಸುಮಾರು 19,000 ಲೀಟರ್ ಆಯಿತು. ಜೌಗು ಮಡಿಯಲ್ಲಿ ಈ ನೀರು ಮೂರು ದಿನ ನಿಲ್ಲಬೇಕು, ಅಂದರೆ 57,000 ಲೀಟರ್ ಹಿಡಿಯಬೇಕು. ಜಲ್ಲಿಯ ಸಂದುಗಳಲ್ಲಿ ನೀರು ನಿಲ್ಲುವುದು ಒಟ್ಟು ಗಾತ್ರದ ನೂರಕ್ಕೆ 35ರಿಂದ 40 ಭಾಗ ಮಾತ್ರ. ಆದ್ದರಿಂದ ಎರಡು ಅಡಿ ಆಳದ ಮಡಿಯಾದರೆ ಸುಮಾರು 240ರಿಂದ 270 ಚದರ ಮೀಟರ್ ಬೇಕು. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಮೊದಲ ಗಾಳಿಮಡಿಗೆ ಒಂದೂವರೆ ಗುಂಟೆ, ತೊಟ್ಟಿಗೆ ಅರ್ಧ ಗುಂಟೆ. ಒಟ್ಟು ನಾಲ್ಕೂವರೆ ಗುಂಟೆ. ಮಿಕ್ಕ ಅರ್ಧ ಗುಂಟೆ ಓಡಾಡುವ ದಾರಿಗೆ. ಚರಂಡಿಯ ನೀರನ್ನು ಒಂದು ವಾರ ಅಳೆದು ನೋಡಿದ ಮೇಲೆ ಇಂಜಿನಿಯರು ಈ ಅಂಕಿಗಳನ್ನು ತಿದ್ದಬೇಕು.

ಕಟ್ಟುವ ಕ್ರಮ

1. ಚರಂಡಿಯ ಬಾಯಿಗೆ ಕಬ್ಬಿಣದ ಜಾಲರಿ. ಪ್ಲಾಸ್ಟಿಕ್, ಕಸಕಡ್ಡಿ ಇಲ್ಲಿಯೇ ನಿಲ್ಲಬೇಕು. ಮಳೆಗಾಲದ ನೆರೆ ಮಡಿಗೆ ನುಗ್ಗದಂತೆ ಪಕ್ಕದಲ್ಲಿ ಒಂದು ಹೊರಗಾಲುವೆ ಇರಬೇಕು.

2. ತಿಳಿಗೊಳಿಸುವ ತೊಟ್ಟಿ. ಒಂದು ದಿನದ ನೀರು ಹಿಡಿಯಬೇಕು. ಹೂಳು ತಳಕ್ಕೆ, ಎಣ್ಣೆಜಿಡ್ಡು ಮೇಲಕ್ಕೆ ನಿಂತು, ನಡುವಿನ ನೀರು ಮಾತ್ರ ಮುಂದಕ್ಕೆ ಹೋಗತಕ್ಕದ್ದು. ಈ ತೊಟ್ಟಿಯ ಹೂಳನ್ನು ತೆಗೆಯದೆ ಬಿಟ್ಟರೆ ಮುಂದಿನ ಜಲ್ಲಿಯ ಸಂದುಗಳೆಲ್ಲಾ ಮುಚ್ಚಿಹೋಗುವವು. ಮಡಿಗಳು ಹಾಳಾಗುವುದು ಬಹುತೇಕ ಈ ಉದಾಸೀನದಿಂದಲೇ.

3. ಗಾಳಿಮಡಿ. ತಳದಲ್ಲಿ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ ಮತ್ತು ದಪ್ಪ ಮರಳು. ನೀರನ್ನು ಮೇಲಿನಿಂದ ದಿನಕ್ಕೆ ನಾಲ್ಕಾರು ಬಾರಿ ಒಮ್ಮೆಗೇ ಸುರಿದು, ಪೂರ್ಣ ಬಸಿಯಲು ಬಿಡಬೇಕು. ನೀರು ಬಸಿದಾಗ ಅದರ ಹಿಂದೆ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಇಳಿಜಾರು ಸಾಕಷ್ಟಿದ್ದರೆ ತಾನೇ ತುಂಬಿ ತಾನೇ ಖಾಲಿಯಾಗುವ ಸೈಫನ್ ತೊಟ್ಟಿಯಿಂದ ಈ ಕೆಲಸವನ್ನು ವಿದ್ಯುತ್ ಇಲ್ಲದೆ ಮಾಡಿಸಬಹುದು. ಮಡಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ನೀರು ಬಿಟ್ಟಾಗ ಇನ್ನೊಂದಕ್ಕೆ ವಿಶ್ರಾಂತಿ ಕೊಡುವುದು ಮೇಲು.

4. ಜೌಗು ಮಡಿ. ಎರಡು ಅಡಿ ಆಳ, ತಳಕ್ಕೆ ನೂರಕ್ಕೆ ಒಂದರಷ್ಟು ಇಳಿಜಾರು. ತಳ ಮತ್ತು ಬದಿಗಳಿಗೆ ಜೇಡಿಮಣ್ಣನ್ನು ತುಳಿದು ಗಟ್ಟಿಮಾಡಬೇಕು, ಇಲ್ಲವೇ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಗಾಳಿಮಡಿಯ ತಳಕ್ಕೂ ಇದೇ ಕ್ರಮ. ತಳ ಸೋರಿದರೆ ನಾವು ಬಾವಿಗೆ ಹೋಗದಂತೆ ತಡೆಯಹೊರಟ ನೀರನ್ನು ನಾವೇ ಬಾವಿಗೆ ಕಳಿಸಿದಂತಾಯಿತು. ನೀರು ಬರುವ ತುದಿಗೂ ಹೋಗುವ ತುದಿಗೂ ಮುಷ್ಟಿಗಾತ್ರದ ಕಲ್ಲು, ನಡುವೆ ತೊಳೆದ ಜಲ್ಲಿ. ಹೊರದಾರಿಯಲ್ಲಿ ಎತ್ತಿ ಇಳಿಸಬಹುದಾದ ಮೊಣಕೈ ಪೈಪನ್ನು ಇಟ್ಟು, ನೀರಿನ ಮಟ್ಟ ಯಾವಾಗಲೂ ಜಲ್ಲಿಯ ಮೇಲ್ಮೈಯಿಂದ ಎರಡು ಅಂಗುಲ ಕೆಳಗಿರುವಂತೆ ನೋಡಿಕೊಳ್ಳಬೇಕು.

ಗಿಡಗಳ ಆಯ್ಕೆ ಮತ್ತು ಆರೈಕೆ

ನಮ್ಮ ಕೆರೆಯಂಚಿನ ಜೊಂಡೇ ಸಾಕು. ಕೆಲವು ಕಡೆ ಇದನ್ನು ಆಪು ಎನ್ನುವರು. ಕೊಂಡು ತರಬೇಕಾಗಿಲ್ಲ. ಗಾಳಿಮಡಿಗೆ ಕಾಬಾಳೆ, ಅಂದರೆ ಕ್ಯಾನಾ ಹೂವಿನ ಗಿಡ ಚೆನ್ನಾಗಿ ಹೊಂದುತ್ತದೆ. ಲಾವಂಚವನ್ನೂ ಹಾಕಬಹುದು. ಅಂತರಗಂಗೆಯಂಥ ತೇಲುವ ಕಳೆಗಳನ್ನು ಮಾತ್ರ ತರಲೇಬಾರದು. ಅವು ತಪ್ಪಿಸಿಕೊಂಡು ಕೆರೆ ಸೇರಿದರೆ ಕೀಳುವುದು ನಮ್ಮಿಂದಾಗದು.

ಮುಂಗಾರಿನ ಆರಂಭದಲ್ಲಿ ಗೆಡ್ಡೆ ಸಮೇತ ಕಿತ್ತ ಸಸಿಗಳನ್ನು ಒಂದೂವರೆ ಅಡಿಗೊಂದರಂತೆ ನೆಡುವುದು. ಗುಂಟೆಗೆ ಸುಮಾರು 480 ಸಸಿ ಹಿಡಿಯುತ್ತದೆ. ಬೇರು ಕಚ್ಚುವ ತನಕ ನೀರಿನ ಮಟ್ಟವನ್ನು ಜಲ್ಲಿಯ ಮೇಲ್ಮೈಗೆ ಸಮನಾಗಿ ನಿಲ್ಲಿಸಿ, ಆನಂತರ ಇಳಿಸಬೇಕು. ಬೇರು ಹಬ್ಬಿ ಸೂಕ್ಷ್ಮಾಣುಗಳು ನೆಲೆಗೊಳ್ಳಲು ಕೆಲವು ತಿಂಗಳು ಹಿಡಿಯುತ್ತದೆ. ನೆಟ್ಟ ಮರುವಾರವೇ ನೀರು ತಿಳಿಯಾಗಲಿಲ್ಲವೆಂದು ಯಾರೂ ನಿರಾಶರಾಗಬಾರದು.

ವರ್ಷಕ್ಕೆ ಒಂದೆರಡು ಸಲ ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಬೇಕು. ಇಡೀ ಮಡಿಯನ್ನು ಒಂದೇ ದಿನ ಬೋಳಿಸದೆ ಅರ್ಧರ್ಧವಾಗಿ ಕೊಯ್ಯುವುದು ಕ್ಷೇಮ. ಕೊಯ್ದ ಜೊಂಡು ಚಾಪೆಗೂ ಹೊದಿಕೆಗೂ ಕಾಂಪೋಸ್ಟಿಗೂ ಆಗುತ್ತದೆ. ಮಡಿಯಲ್ಲಿ ಕೆಸುವಿನಂಥ ತಿನ್ನುವ ಗಿಡಗಳನ್ನು ಬೆಳೆಯಕೂಡದು. ಮಡಿಯ ಹುಲ್ಲನ್ನು ದನಗಳಿಗೂ ಹಾಕಬೇಡಿರಿ. ನೈಟ್ರೇಟು ಹೆಚ್ಚಾಗಿ ಕೂಡಿಕೊಂಡ ಮೇವು ದನಗಳಿಗೆ ವಿಷವಾಗುವುದುಂಟು.

ಹಿರಿಯರು ಕೇಳಿದ ಪ್ರಶ್ನೆಗಳು

ಸೊಳ್ಳೆ ಹೆಚ್ಚುವುದಿಲ್ಲವೇ ಎಂದು ಕೇಳಿದ್ದೀರಿ. ಸೊಳ್ಳೆ ಮೊಟ್ಟೆಯಿಡುವುದು ಬಯಲಾಗಿ ನಿಂತ ನೀರಿನ ಮೇಲೆ. ನೀರು ಜಲ್ಲಿಯ ಕೆಳಗೇ ಇದ್ದರೆ ಅದಕ್ಕೆ ಸ್ಥಳವಿಲ್ಲ. ಈಗ ಅದೇ ಜಾಗದಲ್ಲಿ ನಿಂತಿರುವ ಕೊಚ್ಚೆಗಿಂತ ಮಡಿ ಎಷ್ಟೋ ಮೇಲು. ಆದರೆ ಜಲ್ಲಿಯ ಮೇಲೆ ನೀರು ಕಂಡಿತೆಂದರೆ ಎಲ್ಲೋ ಕಟ್ಟಿಕೊಂಡಿದೆ ಎಂದೇ ಅರ್ಥ, ಅಂದೇ ಸರಿಪಡಿಸಬೇಕು.

ಹಾವು ಸೇರುತ್ತದೆಯೇ ಎಂದು ಕೇಳಿದ್ದೀರಿ. ಒತ್ತು ಬೆಳೆ ಇದ್ದ ಕಡೆ ಹಾವು ಬರಬಹುದು. ಸುತ್ತ ಬೇಲಿ, ನಡುವೆ ಬಿಡುವಾದ ದಾರಿ, ಕೊಯ್ಯುವವರ ಕಾಲಿಗೆ ಬೂಟು, ಇವು ಇರಲೇಬೇಕು.

ಹೊರಬಂದ ನೀರನ್ನು ಕುಡಿಯಬಹುದೇ? ಖಂಡಿತ ಕೂಡದು. ರೋಗದ ಕ್ರಿಮಿಗಳು ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ಈ ನೀರು ತೆಂಗು, ಬಾಳೆ, ಮರಗಿಡಗಳಿಗೆ ಯೋಗ್ಯ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗಳಿಗೆ ಬೇಡ.

ಸಾರಜನಕವನ್ನು ಗಾಳಿಗೆ ಬಿಡುವ ಬದಲು ಹೊಲಕ್ಕೇ ಹಾಯಿಸಿದರೆ ಗೊಬ್ಬರ ಉಳಿಯುವುದಲ್ಲವೇ ಎಂದು ಒಬ್ಬ ರೈತರು ಕೇಳಿದರು. ಬಹಳ ಸರಿಯಾದ ಮಾತು. ಚರಂಡಿಯ ಕೊನೆಯಲ್ಲಿ ವರ್ಷವಿಡೀ ನೀರು ಬೇಡುವ ತೋಟವಿದ್ದರೆ, ತೊಟ್ಟಿ ಮತ್ತು ಗಾಳಿಮಡಿ ಎರಡನ್ನೇ ಕಟ್ಟಿ ನೈಟ್ರೇಟಿನ ಸಮೇತ ತೋಟಕ್ಕೆ ಬಿಡುವುದೇ ಲೇಸು. ನಮ್ಮಲ್ಲಿ ಹಾಗಿಲ್ಲ. ಮಳೆಗಾಲದಲ್ಲಿ ಯಾರಿಗೂ ಈ ನೀರು ಬೇಡ, ಆಗ ಅದು ನೇರ ಕೆರೆಗೆ. ಆದುದರಿಂದ ಜೌಗು ಮಡಿಯೂ ಬೇಕು. ಬೇಸಗೆಯಲ್ಲಿ ಬೇಕಾದವರು ಗಾಳಿಮಡಿಯಿಂದಲೇ ನೀರು ತಿರುಗಿಸಿಕೊಳ್ಳಲು ಒಂದು ತೂಬನ್ನು ಇಡೋಣ.

ಹಣದ ಮಾತು. 2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೆಯ ಹಂತದಲ್ಲಿ 5,000 ಜನಸಂಖ್ಯೆಯವರೆಗಿನ ಹಳ್ಳಿಗಳಿಗೆ ಬೂದುನೀರಿನ ಕೆಲಸಕ್ಕಾಗಿ ತಲಾ 280 ರೂಪಾಯಿ ಎಂದು ನಿಗದಿಯಾಗಿತ್ತು. 500 ಜನರಿಗೆ 1,40,000 ರೂಪಾಯಿ ಆಯಿತು. ಇಷ್ಟರಿಂದಲೇ ಎಲ್ಲವೂ ಮುಗಿಯುತ್ತದೆಂದು ನಾನು ಹೇಳಲಾರೆ. ಜಲ್ಲಿಯೇ ದೊಡ್ಡ ಖರ್ಚು. ಅಗೆತ, ಜೇಡಿಮಣ್ಣು ತುಳಿತ, ಸಸಿ ಕಿತ್ತು ನೆಡುವುದು ಇವನ್ನು ನಾವೇ ಮಾಡಿಕೊಂಡರೆ ಹೊರೆ ಇಳಿಯುತ್ತದೆ. ಹನಿಗೂಡಿದರೆ ಹಳ್ಳ.

ಮೊದಲು ಮನೆಯಲ್ಲಿ

ಮಡಿ ಕಟ್ಟಿದ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ಬಾವಿಗೆ ಈಗಾಗಲೇ ಇಳಿದಿರುವ ನೈಟ್ರೇಟನ್ನು ಇದು ತೆಗೆಯಲಾರದು. ಇನ್ನು ಮುಂದೆ ಚರಂಡಿಯಿಂದ ಇಳಿಯುವುದನ್ನು ತಗ್ಗಿಸುತ್ತದೆ, ಅಷ್ಟೇ. ಆದಕಾರಣ ಪ್ರತಿಯೊಂದು ಮನೆಯವರೂ ನಾಲ್ಕು ನಿಯಮಗಳನ್ನು ಪಾಲಿಸಬೇಕು. ಕೊಟ್ಟಿಗೆಯ ಗಂಜಲವನ್ನು ಚರಂಡಿಗೆ ಬಿಡದೆ ತಿಪ್ಪೆಗುಂಡಿಗೆ ತಿರುಗಿಸಿರಿ. ಅದು ಕೊಳಚೆಯಲ್ಲ, ನಿಮ್ಮ ಹೊಲದ ಗೊಬ್ಬರ. ತಿಪ್ಪೆಯನ್ನು ಬಾವಿಯ ಹತ್ತಿರ ಹಾಕಬೇಡಿರಿ. ಯೂರಿಯಾವನ್ನು ಒಂದೇ ಸಲ ಎರಚದೆ ಬೆಳೆಯ ಹಸಿವು ನೋಡಿ ಎರಡು ಮೂರು ಕಂತುಗಳಲ್ಲಿ ಕೊಡಿರಿ. ಫಿನಾಯಿಲ್, ಬ್ಲೀಚಿಂಗ್ ಪುಡಿ, ಔಷಧಿ ಸಿಂಪಡಿಸಿದ ಡಬ್ಬ ತೊಳೆದ ನೀರು, ಇವನ್ನು ಚರಂಡಿಗೆ ಸುರಿಯಬೇಡಿರಿ. ಮಡಿಯಲ್ಲಿ ನಮಗಾಗಿ ದುಡಿಯುವ ಸೂಕ್ಷ್ಮಾಣುಗಳು ಅದರಿಂದ ಸಾಯುತ್ತವೆ.

ಸಭೆಯ ಮುಂದೆ ಮೂರು ಸೂಚನೆಗಳನ್ನಿಡುತ್ತೇನೆ. ಮೊದಲನೆಯದಾಗಿ, ಕೆರೆಯ ನೀರು, ಚರಂಡಿಯ ನೀರು ಮತ್ತು ಊರಿನ ಎಲ್ಲ ಕೊಳವೆಬಾವಿಗಳ ನೀರನ್ನು ಈ ತಿಂಗಳೇ ಪರೀಕ್ಷೆಗೆ ಕಳುಹಿಸಿ, ಫಲಿತಾಂಶವನ್ನು ಪಂಚಾಯಿತಿಯ ಹಲಗೆಯ ಮೇಲೆ ಎಲ್ಲರೂ ಓದುವಂತೆ ಬರೆಯುವುದು. ಎರಡನೆಯದಾಗಿ, ಐದು ಗುಂಟೆ ಜಾಗವನ್ನು ಜೊಂಡಿನ ಮಡಿಗಾಗಿ ಗೊತ್ತುಮಾಡುವುದು. ಮೂರನೆಯದಾಗಿ, ತೊಟ್ಟಿಯ ಹೂಳು ತೆಗೆಯುವುದಕ್ಕೂ ಜೊಂಡು ಕೊಯ್ಯುವುದಕ್ಕೂ ಸರದಿಯ ಮೇಲೆ ಜವಾಬ್ದಾರಿ ಹೊರುವ ಐದು ಜನರ ಹೆಸರನ್ನು, ಅವರಲ್ಲಿ ಇಬ್ಬರಾದರೂ ಮಹಿಳೆಯರಾಗಿರುವಂತೆ, ಇಂದೇ ಬರೆದುಕೊಳ್ಳುವುದು. ಈ ಐದು ಹೆಸರು ಸಿಕ್ಕದಿದ್ದರೆ ಮಡಿಯನ್ನು ಕಟ್ಟದಿರುವುದೇ ಉತ್ತಮ. ನೋಡಿಕೊಳ್ಳುವವರಿಲ್ಲದ ಮಡಿ ಎರಡೇ ವರ್ಷದಲ್ಲಿ ಮತ್ತೆ ಕೊಚ್ಚೆಗುಂಡಿಯಾಗುವುದು.

ಮಳಿಗೆಯ ಬಾಡಿಗೆ ಪ್ರತಿ ತಿಂಗಳೂ ಕೈಗೆ ಸಿಕ್ಕುವ ಹಣ, ಕಣ್ಣಿಗೆ ಕಾಣುತ್ತದೆ. ಮಡಿಯ ಆದಾಯ ಕಾಣುವುದಿಲ್ಲ, ಏಕೆಂದರೆ ಅದು ತೆಗೆಯುವ ದೋಷವೂ ಕಾಣುವಂಥದ್ದಲ್ಲ. ಮಳಿಗೆಗೆ ಊರಲ್ಲಿ ಬೇರೆ ಜಾಗ ಸಿಕ್ಕೀತು. ಚರಂಡಿಯ ಕೊನೆ ಮಾತ್ರ ಊರಿಗೆ ಒಂದೇ. ಈ ಎರಡನ್ನೂ ತೂಗಿ ನೋಡಿ ಸಭೆಯು ನಿರ್ಧರಿಸಲಿ.